ಅರ್ಜಿ ನಮೂನೆಗಳ ಗಣಕೀಕರಣ: ಎಲ್ಲರಿಗೂ ಒಂದೇ ಕೈಪಿಡಿ ಏಕೆ?

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನವೊಂದಿದೆ. ಹೆಚ್ಚು ಕಡಿಮೆ ಅದೇ ಪಾಠ ಸಮೀಪದ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಬಂಡೆಗಳ ಮೇಲೂ ಇದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶವಿದು. ಬರೆದವನು ಚಪಡನೆಂಬ ಲಿಪಿಕಾರ. ಜಟಿಂಗ ರಾಮೇಶ್ವರದ ಅಕ್ಷರಗಳು ಬಹಳ ಸವೆದಿವೆ. ಮೂರಕ್ಕೂ ಮಾದರಿ ಒಂದೇ ಆಗಿದ್ದುದರಿಂದ, ಇಲ್ಲಿ ಅಳಿಸಿಹೋದುದನ್ನು ಪಕ್ಕದ ಬಂಡೆಯ ನೆರವಿನಿಂದ ಊಹಿಸಬಹುದು.

ಈಗ ಬೆಟ್ಟದ ಕೆಳಗಿನ ಶೇಂಗಾ ಬೆಳೆಗಾರನನ್ನು ನೋಡೋಣ. ಪಹಣಿ, ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಬ್ಯಾಂಕ್ ಸಾಲ ಹೀಗೆ ಅವನ ಹೆಸರು, ಜಮೀನಿನ ವಿವರ ಹಲವು ಗಣಕಗಳಲ್ಲಿ ದಾಖಲಾಗುತ್ತವೆ. ಒಂದೊಂದು ನಮೂನೆಯನ್ನೂ ಒಂದೊಂದು ತಂಡ ರೂಪಿಸಿರುತ್ತದೆ. ಅವುಗಳ ಬರವಣಿಗೆ ಒಂದಕ್ಕೊಂದು ಹೊಂದದಿದ್ದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವನು ರೈತನೇ.

ಕರ್ನಾಟಕಕ್ಕೆ ಈ ಕೆಲಸದ ದೊಡ್ಡ ಅನುಭವವಿದೆ. 'ಭೂಮಿ' ಯೋಜನೆಯಲ್ಲಿ 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಎಲ್ಲ ತಾಲ್ಲೂಕುಗಳಿಗೂ ಒಂದೇ ತಂತ್ರಾಂಶ, ಒಂದೇ ನಮೂನೆ. ಆದರೆ ಇಲಾಖೆಗಳ ನಡುವೆ ಮಾಹಿತಿ ಓಡಾಡಬೇಕಾದಾಗ ಇಷ್ಟು ಸಾಲದು. ಎಡವುವ ಜಾಗಗಳು ಕಾಗದದ ಮೇಲೆ ಕಾಣುವುದೇ ಇಲ್ಲ. ಕೆಲವನ್ನು ಗಮನಿಸಿ.

ವಿಸ್ತೀರ್ಣ: ಪಹಣಿಯಲ್ಲಿ 2.30 ಎಂದರೆ 2 ಎಕರೆ 30 ಗುಂಟೆ. ಒಂದು ಎಕರೆಗೆ 40 ಗುಂಟೆಯಾದ್ದರಿಂದ ಇದು ಎರಡೂಮುಕ್ಕಾಲು ಎಕರೆ. ಅಂಕಣವನ್ನು ದಶಮಾಂಶ ಸಂಖ್ಯೆ ಎಂದು ರೂಪಿಸಿದರೆ ಗಣಕ ಕೊನೆಯ ಸೊನ್ನೆಯನ್ನು ಬಿಟ್ಟು 2.3 ಎಂದು ಇಟ್ಟುಕೊಳ್ಳುತ್ತದೆ. 1.25ಕ್ಕೆ 1.25 ಕೂಡಿಸಿದರೆ 2.50 ಎನ್ನುತ್ತದೆ; ಸರಿಯುತ್ತರ 3 ಎಕರೆ 10 ಗುಂಟೆ. ಎಕರೆಗೊಂದು, ಗುಂಟೆಗೊಂದು ಅಂಕಣವಿಟ್ಟರೆ ತೊಂದರೆಯಿಲ್ಲ.

ಹಿಸ್ಸಾ ಸಂಖ್ಯೆ: 3/2 ಎಂಬ ಸರ್ವೆ ಮತ್ತು ಹಿಸ್ಸಾ ಸಂಖ್ಯೆಯನ್ನು ಎಕ್ಸೆಲ್ ಹಾಳೆಯಲ್ಲಿ ಹಾಗೆಯೇ ಬೆರಳಚ್ಚಿಸಿದರೆ ಅದು ದಿನಾಂಕವಾಗಿಬಿಡುತ್ತದೆ. ಇದನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಇಡಬೇಕು.

ಹೆಸರು: 'ಕೊನೆಯ ಹೆಸರು ಕಡ್ಡಾಯ' ಎಂದರೆ ನಮ್ಮಲ್ಲಿ ಅನೇಕರಿಗೆ ಅಂಥ ಹೆಸರೇ ಇಲ್ಲ. ಒಬ್ಬರು ಇನಿಷಿಯಲ್, ಇನ್ನೊಬ್ಬರು ತಂದೆಯ ಹೆಸರು ತುಂಬುತ್ತಾರೆ. ಈ ಸೀಮೆಯಲ್ಲಿ ಸಾಮಾನ್ಯವಾದ ತಿಪ್ಪೇಸ್ವಾಮಿ ಎಂಬ ಹೆಸರು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಾಗುತ್ತದೆ. ಪಹಣಿಯಲ್ಲೊಂದು, ಆಧಾರ್‌ನಲ್ಲೊಂದು, ಬ್ಯಾಂಕ್ ಪುಸ್ತಕದಲ್ಲೊಂದು ಬಗೆಯಿದ್ದರೆ ಹಣ ಬರುವುದು ತಡವಾಗಬಹುದು.

ಅಕ್ಷರ: ಕಣ್ಣಿಗೆ ತಿಪ್ಪೇಸ್ವಾಮಿ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳು ಬೇರೆ ಬೇರೆಯಾಗಿ 12 ಸಂಕೇತಗಳಾಗುತ್ತವೆ. ಯುಟಿಎಫ್-8 ಕ್ರಮದಲ್ಲಿ ಸಂಕೇತಕ್ಕೆ ಮೂರರಂತೆ 36 ಬೈಟ್ ಬೇಕು. ಅಂಕಣಕ್ಕೆ 30 ಬೈಟ್‌ಗಳ ಮಿತಿಯಿದ್ದರೆ ಈ ಹೆಸರು ಪೂರ್ತಿ ಹಿಡಿಸುವುದಿಲ್ಲ.

ಇಂಥ ಪಾಠಗಳನ್ನು ಪ್ರತಿ ತಂಡವೂ ತಪ್ಪು ಮಾಡಿಯೇ ಕಲಿಯಬೇಕಿಲ್ಲ. ಸರ್ಕಾರಿ ಜಾಲತಾಣಗಳಿಗಾಗಿ ಭಾರತ ಸರ್ಕಾರ 2009ರಲ್ಲಿ ಮಾರ್ಗಸೂಚಿ ಹೊರತಂದಿತು. 2023ರಲ್ಲಿ ಅದರ ಮೂರನೇ ಆವೃತ್ತಿ ಬಂದಿತು. ಬ್ರಿಟನ್ ಸರ್ಕಾರ 2018ರಲ್ಲಿ ಪ್ರಕಟಿಸಿದ ವಿನ್ಯಾಸ ಕೈಪಿಡಿಯಲ್ಲಿ ಹೆಸರು, ದಿನಾಂಕ, ವಿಳಾಸಗಳನ್ನು ಕೇಳುವ ಬಗೆಯನ್ನು ಒಂದೊಂದಾಗಿ ವಿವರಿಸಲಾಗಿದೆ. ಹೆಸರಿಗೆ ಒಂದೇ ಅಂಕಣವಿಟ್ಟರೆ ಹೆಚ್ಚು ಬಗೆಯ ಹೆಸರುಗಳು ಹೊಂದುತ್ತವೆ ಎಂಬುದು ಅದರ ಸಲಹೆ.

ಎಕರೆ-ಗುಂಟೆ, ಹಿಸ್ಸಾ, ಇನಿಷಿಯಲ್‌ಗಳ ವಿವರವನ್ನು ಮಾತ್ರ ನಾವೇ ಬರೆದುಕೊಳ್ಳಬೇಕು. ಮೊದಲು ಬೇರೆ ಬೇರೆ ಇಲಾಖೆಗಳಲ್ಲಿ ತಿರಸ್ಕೃತವಾದ ಅರ್ಜಿಗಳನ್ನು ಒಟ್ಟಿಗೆ ಇಟ್ಟು ಕಾರಣಗಳನ್ನು ವಿಂಗಡಿಸಬೇಕು. ಪ್ರತಿ ನಿಯಮದ ಜೊತೆ ಅದರ ಕಾರಣ ಮತ್ತು ಒಂದು ಉದಾಹರಣೆ ಇರಬೇಕು. ಕಾರಣ ತಿಳಿಯದ ನಿಯಮವನ್ನು ಮುಂದಿನ ತಂಡ ಕೈಬಿಡುತ್ತದೆ. ನಾಡಕಚೇರಿಯ ಕಿಟಕಿಯ ಬಳಿ ಅರ್ಜಿದಾರರು ಮತ್ತು ಗಣಕ ನಿರ್ವಾಹಕರಿಂದ ನಮೂನೆಯನ್ನು ತುಂಬಿಸಿ ನೋಡಬೇಕು. ಕೈಪಿಡಿಗೆ ಆವೃತ್ತಿ ಸಂಖ್ಯೆ, ದಿನಾಂಕ ಮತ್ತು ಅದನ್ನು ತಿದ್ದುವ ಹೊಣೆ ಹೊತ್ತವರೊಬ್ಬರು ಇರಬೇಕು.

ಮುಂದಿನ ಬಾರಿ ಅರ್ಜಿ ತುಂಬುವಾಗ ನಿಮ್ಮ ಹೆಸರು ಯಾವ ಅಂಕಣದಲ್ಲಿ ಹಿಡಿಸಲಿಲ್ಲ ಎಂಬುದನ್ನು ಗುರುತು ಹಾಕಿ, ಕಚೇರಿಗೆ ತಿಳಿಸಿ. ಕೈಪಿಡಿ ಬರೆಯುವವರಿಗೆ ಬೇಕಾಗುವ ಮೊದಲ ಸಾಮಗ್ರಿ ಅದೇ.