ಕಂಪ್ಯೂಟರಿನಿಂದ ಕಾದಂಬರಿಯ ಹಸ್ತಪ್ರತಿಗೆ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಗಡಿನಾಡಿನ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮುಂದೆ ಗಣಿತ, ಕಂಪ್ಯೂಟರ್ ಓದಿಸುವುದೋ, ಭಾಷೆ, ಸಾಹಿತ್ಯ ಓದಿಸುವುದೋ? ಒಂದನ್ನು ಆರಿಸಿಕೊಂಡರೆ ಇನ್ನೊಂದಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂಬುದು ಹಿರಿಯರ ಎಣಿಕೆ. 2003ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದ ಜೆ.ಎಂ. ಕುಟ್ಸೀ ಅವರ ಜೀವನ ಈ ಎಣಿಕೆಗೆ ಒಗ್ಗುವುದಿಲ್ಲ.

ಕುಟ್ಸೀ ಹುಟ್ಟಿದ್ದು 1940ರಲ್ಲಿ, ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ. ಮನೆಯೊಳಗೆ ಇಂಗ್ಲಿಷ್, ತಂದೆಯ ಕಡೆಯ ನೆಂಟರೊಡನೆ ಆಫ್ರಿಕಾನ್ಸ್. ಎರಡು ಭಾಷೆಗಳ ನಡುವಣ ಇಂಥ ಬಾಲ್ಯ ನಮ್ಮ ಮಕ್ಕಳಿಗೆ ಹೊಸದಲ್ಲ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್, ಗಣಿತ ಎರಡರಲ್ಲೂ ಪದವಿ ಪಡೆದು, 1962ರಲ್ಲಿ ಲಂಡನ್ನಿಗೆ ತೆರಳಿ ಐಬಿಎಂ ಸಂಸ್ಥೆಯಲ್ಲಿ ಪ್ರೋಗ್ರಾಮರ್ ಆದರು. ಕೆಲಸದ ಬಿಡುವಿನಲ್ಲಿ ಫೋರ್ಡ್ ಮ್ಯಾಡಾಕ್ಸ್ ಫೋರ್ಡನ ಕಾದಂಬರಿಗಳನ್ನು ಕುರಿತು ಎಂ.ಎ. ಪ್ರಬಂಧ ಸಿದ್ಧಪಡಿಸಿದರು. ಮುಂದೆ ಇನ್ನೊಂದು ಬ್ರಿಟಿಷ್ ಕಂಪ್ಯೂಟರ್ ಕಂಪನಿಯಲ್ಲೂ ದುಡಿದರು.

1965ರಲ್ಲಿ ನೌಕರಿ ಬಿಟ್ಟು ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಯಂತ್ರವನ್ನು ಮಾತ್ರ ಅಲ್ಲಿಯೂ ಬಿಡಲಿಲ್ಲ. ಸ್ಯಾಮ್ಯುಯೆಲ್ ಬೆಕೆಟ್ಟನ ಗದ್ಯಶೈಲಿಯನ್ನು ಅಂಕಿಸಂಖ್ಯೆಗಳಿಂದ ಅಳೆಯುವ ಪ್ರಯತ್ನವೇ 1969ರ ಅವರ ಡಾಕ್ಟರೇಟ್ ಪ್ರಬಂಧ. ಆ ಬಗೆಯ ಎಣಿಕೆ ತಮ್ಮನ್ನು ಎಲ್ಲಿಗೂ ಒಯ್ಯಲಿಲ್ಲ, ಅದೊಂದು ತಪ್ಪುದಾರಿ ಎಂದು ಮುಂದೆ ಅವರೇ ಒಪ್ಪಿಕೊಂಡರು. ಹೀಗೆಂದು ಹೇಳುವ ವಿದ್ವಾಂಸರು ವಿರಳ.

ಆದರೆ ಆಸ್ಟಿನ್ನಿನ ಗ್ರಂಥಾಲಯ ಅವರಿಗೆ ಪಠ್ಯದಲ್ಲಿಲ್ಲದ ಬಹಳಷ್ಟನ್ನು ಕೊಟ್ಟಿತು. ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ತಲೆಮರೆಸಿಕೊಂಡಿದ್ದಾಗ ಬೆಕೆಟ್ ‘ವಾಟ್’ ಕಾದಂಬರಿಯನ್ನು ಬರೆಯುತ್ತಿದ್ದ ನೋಟುಬುಕ್ಕುಗಳು ಅಲ್ಲಿದ್ದವು. ದಕ್ಷಿಣ ಆಫ್ರಿಕದ ಹಳೆಯ ಪ್ರವಾಸಕಥನಗಳಿದ್ದವು. 1760ರಲ್ಲಿ ಸಂಚಾರ ಹೊರಟಿದ್ದ ಯಾಕೋಬಸ್ ಕುಟ್ಸೀ ಎಂಬ ತಮ್ಮ ವಂಶದ ಹಿರಿಯನೊಬ್ಬನ ವರದಿಯೂ ಅವುಗಳ ನಡುವೆ ಸಿಕ್ಕಿತು. ಹೆಸರೇ ಕೇಳಿರದ ಭಾಷೆಗಳ ವ್ಯಾಕರಣಗಳನ್ನೂ ಅವರು ಓದಿದರು. ಬೋರ್ನಿಯೋ ದ್ವೀಪದ ಪುಟ್ಟ ಭಾಷೆಯೂ ಇಂಗ್ಲಿಷಿನಷ್ಟೇ ಸುಸಂಬದ್ಧ, ಅಷ್ಟೇ ಜಟಿಲ ಎಂಬುದು ಅಲ್ಲಿ ಅವರಿಗೆ ಮನದಟ್ಟಾಯಿತು. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ನಾವು ಇದನ್ನು ಲಘುವಾಗಿ ಕಾಣಲಾಗದು. ಇಳಿವಯಸ್ಸಿನಲ್ಲಿ ಇಂಗ್ಲಿಷಿನ ಯಜಮಾನಿಕೆಗೆ ಒಲ್ಲೆನೆಂದು ಅವರು ತಮ್ಮ ಪುಸ್ತಕಗಳನ್ನು ಮೊದಲು ಸ್ಪ್ಯಾನಿಷಿನಲ್ಲಿ ಹೊರತಂದರು. 2022ರ ‘ಎಲ್ ಪೊಲಾಕೊ’ ಅಂಥದೊಂದು.

1970ರ ಜನವರಿ 1ರಂದು, ಬಫಲೋ ನಗರದಲ್ಲಿ ಅಧ್ಯಾಪಕರಾಗಿದ್ದಾಗ, ಇನ್ನು ಮುಂದೂಡುವುದಿಲ್ಲವೆಂದು ಪಣತೊಟ್ಟು ಬರೆಯಲು ಕುಳಿತರು. ಯಾಕೋಬಸನ ವರದಿ ‘ಡಸ್ಕ್‌ಲ್ಯಾಂಡ್ಸ್’ (1974) ಎಂಬ ಮೊದಲ ಪುಸ್ತಕದ ಅರ್ಧಭಾಗವಾಯಿತು. ಕೇಪ್‌ಟೌನಿಗೆ ಮರಳಿದ ಬಳಿಕ ಹಲವು ಕಾದಂಬರಿಗಳ ಕರಡುಗಳನ್ನು ವಿಶ್ವವಿದ್ಯಾಲಯದ ಉತ್ತರಪತ್ರಿಕೆಯ ಪುಸ್ತಕಗಳಲ್ಲೇ ಕೈಯಿಂದ ಬರೆದರು. ದಿನದಿನದ ಬರಹಕ್ಕೆ ದಿನಾಂಕ ಹಾಕುವುದು ರೂಢಿ. ಯಾವ ವಾಕ್ಯ ಎಂದು ಹುಟ್ಟಿತು, ಎಂದು ಸತ್ತಿತು ಎಂಬುದನ್ನು ಇಂದಿನ ಸಂಶೋಧಕರು ಬೆರಳಿಟ್ಟು ತೋರಿಸಬಲ್ಲರು.

ಈ ಶಿಸ್ತಿಗೆ ಇಂದು ಉತ್ತರಪತ್ರಿಕೆಯೇ ಬೇಕೆಂದಿಲ್ಲ, ಮನೆಯ ಮೊಬೈಲ್ ಸಾಕು. ಟಿಪ್ಪಣಿಯ ಕಡತಕ್ಕೆ 2025-06-14 ಎಂಬಂತೆ ವರ್ಷ ಮೊದಲಾಗಿ ಹೆಸರಿಟ್ಟರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಪುಸ್ತಕದ ಹೆಸರು, ಪುಟಸಂಖ್ಯೆ ಅಂದೇ ಬರೆದುಕೊಳ್ಳಬೇಕು. ಪುಸ್ತಕದ ಮಾತಿಗೂ ತನ್ನ ಮಾತಿಗೂ ಗುರುತು ಬೇರೆಯಿರಬೇಕು. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪಿಸಬೇಕು. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಎಷ್ಟೋ ಬರಹಗಳು ಇಂದು ಬೇರೆ ಯಂತ್ರದಲ್ಲಿ ತೆರೆದರೆ ಬರಿಯ ಗೀಚುಗಳಾಗಿ ಕಾಣುತ್ತವೆ, ಹುಡುಕಿದರೆ ಒಂದು ಪದವೂ ಸಿಗದು. ಯೂನಿಕೋಡಿನ ಕಡತಕ್ಕೆ ಆ ಗತಿಯಿಲ್ಲ; ಅಜ್ಜಿ ಹೇಳಿದ ಗಾದೆಯನ್ನು ಹತ್ತು ವರ್ಷದ ಮೇಲೆಯೂ ಒಂದೇ ಪದದಿಂದ ಹುಡುಕಿ ತೆಗೆಯಬಹುದು.

ಕುಟ್ಸೀ ಅವರ ನೋಟುಬುಕ್ಕುಗಳು, ಕರಡುಗಳು 2011ರಲ್ಲಿ ಆಸ್ಟಿನ್ನಿನ ಹ್ಯಾರಿ ರ್‍ಯಾನ್ಸಮ್ ಕೇಂದ್ರವನ್ನು ಸೇರಿದವು. ಬೆಕೆಟ್ಟನ ‘ವಾಟ್’ ಹಸ್ತಪ್ರತಿ ಇರುವುದೂ ಅಲ್ಲಿಯೇ.