ಗಣಕದ ಬಿಂಬಪ್ರತಿ: ರಕ್ಷಣೆ ಮತ್ತು ಪುನಃಸ್ಥಾಪನೆ

ಹಸ್ತಪ್ರತಿಗಳ ಲಿಪ್ಯಂತರವೂ ಪಾಠಸಂಕಲನವೂ ಈಗ ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ನಡೆಯುತ್ತಿರುವುದರಿಂದ, ಅದರ ಮೂಲ ಡ್ರೈವ್ ಕೆಟ್ಟರೆ ಏನು ಗತಿಯೆಂಬ ಪ್ರಶ್ನೆ ಗ್ರಂಥಸಂಪಾದಕನದೂ ಆಗಿದೆ. ಕಡತಗಳನ್ನು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇವೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಅದು ಅರ್ಧ ಮಾತ್ರ ಸರಿ.

ಜಯನಗರ, ಬನಶಂಕರಿಗಳ ಅಕ್ಷರ ಜೋಡಣೆಯ ಕೋಣೆಗಳಲ್ಲಿ ಯೂನಿಕೋಡ್ ರೂಢಿಗೆ ಬರುವ ಮೊದಲು ಪೇಜ್‌ಮೇಕರ್‌ನಲ್ಲಿ ಸಿದ್ಧವಾದಂತಹ ಗ್ರಂಥಗಳನ್ನು ನೋಡಬೇಕು. ನುಡಿ, ಬರಹ, ಶ್ರೀಲಿಪಿಗಳ ಅಂದಿನ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಪ್ರಾಕೃತ ಗಾಹೆಯ ಬದಲು ಅರ್ಥಹೀನ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಪರಿವರ್ತಕಗಳು ಇವೆ; ಆದರೆ ಪರಿವರ್ತನೆಯೂ ಒಂದು ಪ್ರತಿಲೇಖನವೇ ಆದುದರಿಂದ ಕರಡನ್ನು ಮತ್ತೆ ತಿದ್ದಬೇಕಾಗುತ್ತದೆ. ಫಾಂಟು, ಕೀಲಿಮಣೆಯ ವಿನ್ಯಾಸ, ತಂತ್ರಾಂಶದ ಹಳೆಯ ಆವೃತ್ತಿ ಇವೆಲ್ಲ ಇರುವುದು ಮೂಲ ಡ್ರೈವಿನಲ್ಲಿ. ಅದು ಅಳಿದರೆ ಉಳಿದ ಕಡತವು ಲಿಪಿ ತಿಳಿಯದವನ ಕೈಯಲ್ಲಿರುವ ಓಲೆಯಂತೆ.

ಇದಕ್ಕೆ ಪರಿಹಾರ ಡಿಸ್ಕ್ ಇಮೇಜ್, ಅಂದರೆ ಬಿಂಬಪ್ರತಿ. ಇದು ಕಡತಗಳನ್ನು ಆರಿಸಿ ನಕಲು ಮಾಡುವುದಲ್ಲ. ಯಂತ್ರವನ್ನು ಚಾಲನೆಗೊಳಿಸುವ ಗುಪ್ತ ವಿಭಾಗವೂ ಸೇರಿದಂತೆ ಇಡೀ ಡ್ರೈವನ್ನು ಅದು ಇರುವ ಕ್ರಮದಲ್ಲಿಯೇ ಒಂದು ಪ್ರತಿಯಾಗಿ ತೆಗೆಯುವುದು. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿಟ್ಟು ಅದರಿಂದಲೇ ಯಂತ್ರವನ್ನು ಆರಂಭಿಸಿದರೆ, ಒಳಗಿನ ವಿಂಡೋಸ್ ನಿದ್ರಿಸುತ್ತಿರುವಾಗಲೇ ಬಿಂಬವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಬಹುದು. ಬರೆದಿರುವ ಭಾಗಗಳನ್ನು ಮಾತ್ರ ಸಂಕುಚಿಸಿ ತೆಗೆಯುವುದರಿಂದ ಸ್ಥಳವೂ ಕಡಿಮೆ ಸಾಕು. ಅಳಿಸಿದ ಕಡತಗಳ ಕುರುಹೂ ಬೇಕೆಂದರೆ ಬರಿದಾದ ಭಾಗಗಳನ್ನೂ ಸೇರಿಸಿ ತೆಗೆಯಬೇಕು. ನಮ್ಮ ಕೆಲಸಕ್ಕೆ ಅದು ವಿರಳ.

ಪ್ರತಿಯನ್ನು ತೆಗೆದ ಮಾತ್ರಕ್ಕೆ ಅದು ವಿಶ್ವಾಸಾರ್ಹವಾಗದು ಎಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ದೊಡ್ಡ ಸಾಕ್ಷ್ಯವಿದೆ. ಮೂಡುಬಿದಿರೆಯ ಧವಲಾ ತಾಡವೋಲೆಗಳ ಪ್ರತಿಲೇಖನ 1896ರಲ್ಲಿ ಆರಂಭವಾಯಿತು. ಅವುಗಳಿಂದ ಪರಂಪರೆಯಾಗಿ ಇಳಿದುಬಂದ ಕಾಗದಪ್ರತಿಗಳನ್ನು ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ, 93ನೆಯ ಸೂತ್ರದಲ್ಲಿ ‘ಸಂಜದ’ ಪದವಿರಲಿಲ್ಲ. ಅದು ಇರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಲಾಯಿತು. ಮುಂದೆ ಓಲೆಗಳಲ್ಲಿ ಆ ಪದ ಕಂಡುಬಂದಿತು. ಒಂದೇ ಪದದ ಲೋಪ, ಸ್ತ್ರೀಯರ ಗುಣಸ್ಥಾನವನ್ನು ಕುರಿತ ದೀರ್ಘ ವಿವಾದ! ಮಾತೃಕೆಯೊಡನೆ ಹೋಲಿಸುವ ಸೌಕರ್ಯ ಸಂಪಾದಕರಿಗೆ ಮೊದಲೇ ದೊರೆತಿದ್ದರೆ ಈ ಶ್ರಮ ಉಳಿಯುತ್ತಿತ್ತು.

ಗಣಕದಲ್ಲಿ ಈ ಹೋಲಿಕೆಯನ್ನು ಚೆಕ್‌ಸಮ್ ಮಾಡುತ್ತದೆ. ಕಡತ ಎಷ್ಟೇ ದೊಡ್ಡದಿರಲಿ, ಶಾ-256 ಗಣಿತ ಅದರಿಂದ 64 ಚಿಹ್ನೆಗಳ ಒಂದು ಮುದ್ರೆಯನ್ನು ಕೊಡುತ್ತದೆ. ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆ ಬೇರೆಯಾಗುತ್ತದೆ. ಬಿಂಬ ತೆಗೆದ ದಿನದ ಮುದ್ರೆಯನ್ನು ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಬೇಕು. ಅಷ್ಟೂ ಸಾಲದು. ಬೇರೊಂದು ಖಾಲಿ ಡ್ರೈವಿಗೆ ಬಿಂಬವನ್ನು ಮರಳಿ ಸುರಿದು, ಯಂತ್ರ ಏಳುವುದೇ, ಹಳೆಯ ಗ್ರಂಥವೊಂದು ಸರಿಯಾಗಿ ತೆರೆಯುವುದೇ ಎಂದು ಕಣ್ಣಾರೆ ಕಾಣಬೇಕು. ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ಸುರಿಯುವಾಗ ಗುರಿಯ ಡ್ರೈವಿನಲ್ಲಿರುವುದೆಲ್ಲ ಅಳಿದುಹೋಗುವುದರಿಂದ, ಅದರ ಹೆಸರನ್ನು ಎರಡು ಸಲ ಓದಿಯೇ ಆಜ್ಞೆ ಕೊಡಬೇಕು.

ಬಿಂಬದಲ್ಲಿ ಸೇರದ ವಸ್ತುಗಳೂ ಇವೆ. ಕೆಲವು ತಂತ್ರಾಂಶಗಳಿಗೆ ಯಂತ್ರದ ಹಿಂದೆ ಸಿಕ್ಕಿಸುವ ಬೀಗ ಬೇಕು, ಅದನ್ನು ಜೋಪಾನವಾಗಿಡಬೇಕು. ಡ್ರೈವಿಗೆ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ಮರುಪಡೆವ ಕೀಲಿಯನ್ನು ಕಾಗದದ ಮೇಲೆ ಬರೆದಿಡುವುದು ಅವಶ್ಯ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿರುವುದರಿಂದ, ಹಳೆಯ ಫಾಂಟುಗಳಿಗಾಗಿ ಉಳಿಸಿಕೊಂಡ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸುವುದು ಲೇಸು.

ಪ್ರತಿಗಳು ಎರಡಾದರೂ ಇರಲಿ. ಒಂದು ಜಯನಗರದಲ್ಲಿದ್ದರೆ ಮತ್ತೊಂದು ಶ್ರವಣಬೆಳಗೊಳದಂತಹ ದೂರದ ಸ್ಥಳದಲ್ಲಿರಲಿ. ಪ್ರತಿಯೊಂದರ ಪೆಟ್ಟಿಗೆಯ ಮೇಲೂ ಲಿಪಿಕಾರನ ಪುಷ್ಪಿಕೆಯಂತೆ ಬಿಂಬ ತೆಗೆದ ದಿನಾಂಕ, ಯಂತ್ರದ ಗುರುತು, ತಂತ್ರಾಂಶದ ಆವೃತ್ತಿ, ಮರಳಿ ಸುರಿದು ನೋಡಿದ ದಿನ, ನೋಡಿದವರ ಹೆಸರು ಇಷ್ಟನ್ನು ಬರೆದಿರಬೇಕು.