ಕನ್ನಡಕದ ವ್ಯಾಪಾರ: ಕೋವಿಡ್ ಕಾಲ ಕಲಿಸಿದ ಲೆಕ್ಕಾಚಾರ

ಕನ್ನಡಕದ ಅಂಗಡಿಯಲ್ಲಿ ಎರಡು ವ್ಯವಹಾರಗಳು ಒಂದೇ ಸೂರಿನಡಿ ನಡೆಯುತ್ತವೆ. ಒಂದು ಸರಕಿನ ಮಾರಾಟ, ಇನ್ನೊಂದು ಸೇವೆ. ಫ್ರೇಮುಗಳು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೆಡದೆ ಉಳಿಯಬಲ್ಲವು; ಕಣ್ಣಿನ ಪರೀಕ್ಷೆಯನ್ನು ಮಾತ್ರ ಗ್ರಾಹಕರ ಮುಖದ ಸಮೀಪದಲ್ಲಿ ಕುಳಿತೇ ಮಾಡಬೇಕು. 2020ರಲ್ಲಿ ಕೋವಿಡ್ ಹರಡಿದಾಗ ಮೊದಲು ಪೆಟ್ಟು ತಿಂದದ್ದು ಈ ಸೇವೆಯ ಭಾಗ. ವಿರಾಜಪೇಟೆಯಂತಹ ತಾಲ್ಲೂಕು ಕೇಂದ್ರದ ಅಂಗಡಿಗೆ ಈ ಪರಿಸ್ಥಿತಿ ಒಡ್ಡಿದ ಪ್ರಶ್ನೆಗಳು ಉಳಿದ ಸಣ್ಣ ವರ್ತಕರಿಗೂ ಪ್ರಸ್ತುತವಾಗಿವೆ.

ಸ್ಥಳೀಯ ಹಿನ್ನೆಲೆ

ಕೊಡಗಿಗೆ ರೈಲು ಮಾರ್ಗವಿಲ್ಲ. ಸರಕೆಲ್ಲವೂ ರಸ್ತೆಯ ಮೂಲಕವೇ ಬರಬೇಕು. 2018 ಮತ್ತು 2019ರ ಆಗಸ್ಟ್ ತಿಂಗಳ ಮಳೆ ಹಾಗೂ ಭೂಕುಸಿತಗಳಿಂದ ಜಿಲ್ಲೆಯ ವ್ಯಾಪಾರ ಆಗಲೇ ಸೊರಗಿತ್ತು. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಯಿತು. ವಿರಾಜಪೇಟೆಯನ್ನು ಕಣ್ಣೂರಿನೊಡನೆ ಜೋಡಿಸುವ ಮಾಕುಟ್ಟ ಮಾರ್ಗವೂ ಮುಚ್ಚಿತು. ಕಾಫಿ ಕೊಯ್ಲಿನ ಹಣ ಪೇಟೆಗೆ ಬರುವ, ಶಾಲಾರಂಭಕ್ಕೆ ಮುನ್ನ ಮಕ್ಕಳಿಗೆ ಕನ್ನಡಕ ಮಾಡಿಸುವ ಕಾಲ ಅದು. ಅಂಗಡಿಯ ಬಾಗಿಲು ಮುಚ್ಚಿದರೂ ಬಾಡಿಗೆ, ಸಂಬಳ, ಬಡ್ಡಿಗಳು ನಿಲ್ಲಲಿಲ್ಲ.

ಸೇವೆಯ ಮರುಜೋಡಣೆ

ಕನ್ನಡಕ ಒಡೆದವರಿಗೆಲ್ಲ ಹೊಸದಾಗಿ ಕಣ್ಣಿನ ಪರೀಕ್ಷೆ ಅನಿವಾರ್ಯವಲ್ಲ. ಹಳೆಯ ಮಸೂರದ ಪವರನ್ನು ಲೆನ್ಸೋಮೀಟರಿನಲ್ಲಿ ಅಳೆಯಬಹುದು. ಹಿಂದಿನ ಚೀಟಿ ಅಥವಾ ಅಂಗಡಿಯ ದಾಖಲೆ ಇದ್ದರೆ ಕೆಲಸ ಇನ್ನೂ ಸುಲಭ. ಗ್ರಾಹಕರ ಪವರನ್ನು ಕ್ರಮವಾಗಿ ಬರೆದಿಟ್ಟ ಅಂಗಡಿಯು ದೂರವಾಣಿಯ ಮೂಲಕವೇ ಬೇಡಿಕೆ ಪಡೆಯಬಲ್ಲದು. ಆದರೆ ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ, ಕಣ್ಣು ಕೆಂಪಾಗಿ ನೋವಿದ್ದರೆ ಅಂತಹವರನ್ನು ನೇತ್ರ ವೈದ್ಯರ ಬಳಿಗೇ ಕಳುಹಿಸಬೇಕು. ಇಲ್ಲಿ ಮಾರಾಟದ ಆಸೆ ಕಣ್ಣಿಗೇ ಅಪಾಯ ತರಬಹುದು.

ಪರೀಕ್ಷೆ ಅಗತ್ಯವಿದ್ದವರಿಗೆ ಸಮಯ ಗೊತ್ತುಮಾಡುವುದು, ಗ್ರಾಹಕರು ಮುಟ್ಟಿದ ಫ್ರೇಮುಗಳನ್ನು ಬೇರೆ ತಟ್ಟೆಯಲ್ಲಿಟ್ಟು ಸೋಪಿನ ನೀರಿನಿಂದ ತೊಳೆಯುವುದು ಕಡಿಮೆ ಖರ್ಚಿನ ಕ್ರಮಗಳು. ಅಸಿಟೇಟ್ ಫ್ರೇಮುಗಳಿಗೆ ಕಡು ಮದ್ಯಸಾರ ಹಚ್ಚಿದರೆ ಹೊಳಪು ಹೋಗುತ್ತದೆ. ಸ್ವಚ್ಛತೆಯ ಹೆಸರಿನಲ್ಲಿ ದಾಸ್ತಾನೇ ಹಾಳಾಗಬಾರದು.

ಬೇಡಿಕೆ ಮತ್ತು ವಿಶ್ವಾಸ

ಶಾಲಾ ಪಾಠಗಳು ಮೊಬೈಲಿಗೆ ಬಂದಾಗ ನೀಲಿ ಬೆಳಕನ್ನು ತಡೆಯುವ ಮಸೂರಗಳಿಗೆ ಬೇಡಿಕೆ ಹುಟ್ಟಿತು. ಇವುಗಳಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಸಂಭವವಿಲ್ಲವೆಂದು 2023ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನಾ ವರದಿ ಸೂಚಿಸಿದೆ. ಆಗಾಗ ಪರದೆಯಿಂದ ದೃಷ್ಟಿ ಹೊರಳಿಸಿ ದೂರ ನೋಡಬೇಕೆಂಬ ಸಲಹೆಗೆ ಬೆಲೆ ಚೀಟಿ ಇಲ್ಲ, ನಿಜ. ಆದರೂ ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಒಂದು ಕುಟುಂಬದ ವಿಶ್ವಾಸ ಹತ್ತಾರು ವರ್ಷಗಳ ವ್ಯಾಪಾರಕ್ಕೆ ಸಮ.

ಸಾಲದ ಕಂತು: ವಿನಾಯಿತಿಯೋ ಮುಂದೂಡಿಕೆಯೋ?

ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಪ್ರಕಟಿಸಿದ ಕಂತು ಮುಂದೂಡಿಕೆಯ ಸೌಲಭ್ಯವು ವಿಸ್ತರಣೆಗೊಂಡು ಆಗಸ್ಟ್ 31ರವರೆಗೆ ಇತ್ತು. ಇದನ್ನು ಬಡ್ಡಿ ಮನ್ನಾ ಎಂದು ತಿಳಿದವರು ಅನೇಕರು. ಉದಾಹರಣೆಗೆ, ಶೇ. 10ರ ಬಡ್ಡಿಯ 10 ಲಕ್ಷ ರೂ. ಸಾಲಕ್ಕೆ ಆರು ತಿಂಗಳ ಸರಳ ಬಡ್ಡಿ 50,000 ರೂ.; ಮಾಸಿಕ ಚಕ್ರಬಡ್ಡಿಯಾದರೆ ಸುಮಾರು 51,050 ರೂ. 2 ಕೋಟಿ ರೂ.ವರೆಗಿನ ಅರ್ಹ ಸಾಲಗಳಿಗೆ ಕೇಂದ್ರ ಸರ್ಕಾರ ಆ ವರ್ಷದ ಅಕ್ಟೋಬರಿನಲ್ಲಿ ಘೋಷಿಸಿದ ಪರಿಹಾರ ಈ ಎರಡರ ವ್ಯತ್ಯಾಸಕ್ಕೆ, ಅಂದರೆ ಸುಮಾರು 1,050 ರೂ.ಗೆ ಸೀಮಿತ. ಉಳಿದ 50,000 ರೂ. ಹೊರೆ ಸಾಲಗಾರರದೇ. ಹೀಗಾಗಿ ಕೈಯಲ್ಲಿ ಹಣವಿದ್ದವರು ಕಂತು ಕಟ್ಟುವುದೇ ಲಾಭಕರವಾಗಿತ್ತು. ಹಣವಿಲ್ಲದವರಿಗೆ ಮಾತ್ರ ಮುಂದೂಡಿಕೆ ಉಸಿರಾಡಲು ಅವಕಾಶ ನೀಡಿತು.

2020ರ ಮೇ ತಿಂಗಳಲ್ಲಿ ಪ್ರಕಟವಾದ ತುರ್ತು ಸಾಲ ಖಾತರಿ ಯೋಜನೆಯಲ್ಲಿ, ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇ. 20ರಷ್ಟು ಹೆಚ್ಚುವರಿ ಸಾಲವು ಹೊಸ ಆಧಾರವಿಲ್ಲದೆ ದೊರೆಯುತ್ತಿತ್ತು. ಬ್ಯಾಂಕಿನಲ್ಲಿ ಸಾಲದ ಖಾತೆಯನ್ನೇ ಹೊಂದಿರದೆ ಕೈಗಡದಿಂದ ವ್ಯಾಪಾರ ನಡೆಸಿದವರಿಗೆ ಇದು ಎಟುಕಲಿಲ್ಲ. ಯೋಜನೆ 2023ರ ಮಾರ್ಚ್ 31ಕ್ಕೆ ಮುಗಿದಿದೆ. ಬ್ಯಾಂಕಿನೊಡನೆ ಕ್ರಮಬದ್ಧ ವ್ಯವಹಾರ ಇರಬೇಕೆಂಬ ಪಾಠ ಉಳಿದಿದೆ.

ಅವಧಿ ಮೀರಿದ ದಾಸ್ತಾನು

ಕಾಂಟ್ಯಾಕ್ಟ್ ಲೆನ್ಸಿಗೆ ಬಳಕೆಯ ಅವಧಿಯಿದೆ. ಮುಚ್ಚಿದ ಅಂಗಡಿಯಲ್ಲಿ 20,000 ರೂ. ಮೌಲ್ಯದ ಲೆನ್ಸುಗಳ ಅವಧಿ ಮೀರಿತೆನ್ನೋಣ. ಅವುಗಳನ್ನು ಲೆಕ್ಕದಿಂದ ತೆಗೆದುಹಾಕಿದಾಗ, ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಖರೀದಿಯಲ್ಲಿ ಪಡೆದ ತೆರಿಗೆ ಜಮೆಯನ್ನೂ ಹಿಂತಿರುಗಿಸಬೇಕು. ಅಂದಿನ ಶೇ. 12ರ ದರದಲ್ಲಿ ಅದು 2,400 ರೂ.; ಒಟ್ಟು ನಷ್ಟ 22,400 ರೂ. 2025ರ ಸೆಪ್ಟೆಂಬರ್ 22ರಿಂದ ಈ ದರ ಶೇ. 5ಕ್ಕೆ ಇಳಿದಿದ್ದರೂ ಖರೀದಿಯಾದಾಗ ಪಡೆದ ಜಮೆಯನ್ನೇ ಆಧಾರವಾಗಿ ಪರಿಗಣಿಸಬೇಕಾಗುತ್ತದೆ. ಆದುದರಿಂದ ಮೊದಲು ಬಂದ ಸರಕನ್ನು ಮೊದಲು ಮಾರುವುದು, ಅವಧಿ ಮುಗಿಯುವ ಮುನ್ನ ಸರಕು ವಾಪಸು ಪಡೆಯುವಂತೆ ಸಗಟು ವರ್ತಕರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಅವಶ್ಯಕ.

ಮುಂದಿನ ಸಿದ್ಧತೆ

ಮೂರು ತಿಂಗಳ ಬಾಡಿಗೆ ಮತ್ತು ಸಂಬಳಕ್ಕೆ ಸಾಲುವಷ್ಟು ಹಣವನ್ನು ಪ್ರತ್ಯೇಕವಾಗಿರಿಸುವುದು, ಗ್ರಾಹಕರ ದಾಖಲೆಗಳ ಎರಡನೆಯ ಪ್ರತಿಯನ್ನು ಬೇರೆಡೆ ಇಡುವುದು, ಉದ್ಯಮ್ ನೋಂದಣಿ ಮಾಡಿಸುವುದು ಪ್ರತಿಯೊಬ್ಬ ವರ್ತಕರ ಕರ್ತವ್ಯ. 2021ರ ಜುಲೈ 2ರ ಆದೇಶದಿಂದ ಚಿಲ್ಲರೆ ಮತ್ತು ಸಗಟು ವರ್ತಕರಿಗೂ, ಆದ್ಯತಾ ವಲಯದ ಸಾಲದ ಉದ್ದೇಶಕ್ಕಾಗಿ, ಈ ನೋಂದಣಿ ಮುಕ್ತವಾಗಿದೆ. ಮಳೆಗಾಲಕ್ಕೆ ಮುನ್ನ ಮನೆಯ ಹೆಂಚು ಸರಿಪಡಿಸಿಕೊಳ್ಳುವ ಕೊಡಗಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.